ಪುಟ್ಟ ರೈಲು: ಕೊಳ್ಳುವ ಮುನ್ನ ಅಳೆಯಿರಿ

ಮೂಡಲಗಿಯ ಮಕ್ಕಳು ರೈಲು ನೋಡಬೇಕೆಂದರೆ ಘಟಪ್ರಭಾಕ್ಕೆ ಬರಬೇಕು. ಹುಕ್ಕೇರಿ ಪಟ್ಟಣಕ್ಕೂ ಹಳಿ ಇಲ್ಲ. ಆ ತಾಲ್ಲೂಕಿನವರಿಗೆ ಪಾಶ್ಚಾಪುರವೋ ಘಟಪ್ರಭಾವೋ ಗತಿ. ಗೋಕಾಕದ ಹೆಸರು ಹೊತ್ತ ‘ಗೋಕಾಕ ರೋಡ್’ ನಿಲ್ದಾಣವಿದೆ, ನಿಜ. ಆದರೆ ಅದಿರುವುದು ಊರಿನಿಂದ ದೂರ, ಕೊಣ್ಣೂರಿನ ಕಡೆ. ಹೀಗಾಗಿ ಈ ಮೂರೂ ಊರಿನ ಮಕ್ಕಳಿಗೆ ರೈಲು ಮನೆಯ ಮುಂದೆ ದಿನವೂ ಹಾದುಹೋಗುವ ವಸ್ತುವಲ್ಲ; ಹೋಗಿ ನೋಡಿ ಬರುವ ವಸ್ತು. ಹೋಗಿ ನೋಡಿದ್ದು ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ಊರಿಗೆ ಮರಳುವ ಬಸ್ಸಿನಲ್ಲಿಯೇ ಬೇಡಿಕೆ ಶುರುವಾಗುತ್ತದೆ: “ಅಪ್ಪಾ, ನನಗೊಂದ ರೈಲ ಕೊಡಸು.”

ಅಪ್ಪ ಕೊಡಿಸುತ್ತಾನೆ. ಜಾತ್ರೆಯ ಅಂಗಡಿಯಲ್ಲೋ ಬೆಳಗಾವಿಯ ಪೇಟೆಯಲ್ಲೋ ಪ್ಲಾಸ್ಟಿಕ್ಕಿನ ರೈಲು ಸಿಗುತ್ತದೆ. ಸೆಲ್ಲು ಹಾಕಿದರೆ ಕೂಗುತ್ತದೆ, ಸುತ್ತುತ್ತದೆ. ಹತ್ತು ದಿನ ಮನೆಯಲ್ಲಿ ಹಬ್ಬ. ಹನ್ನೊಂದನೆಯ ದಿನ ಸೆಲ್ಲು ಮುಗಿದಿರುತ್ತದೆ, ಇಲ್ಲವೆ ಹಳಿಯ ಒಂದು ತುಂಡು ಕಾಲಿಗೆ ಸಿಕ್ಕಿ ಮುರಿದಿರುತ್ತದೆ. ರೈಲು ಅಟ್ಟ ಸೇರುತ್ತದೆ. “ಇದ ಬ್ಯಾಡ, ಇದಕ್ಕಿಂತ ದೊಡ್ಡದು ಬೇಕು” ಎಂಬ ಹೊಸ ಬೇಡಿಕೆ ಕೆಳಗಿಳಿಯುತ್ತದೆ. ‘ದುಡ್ಡು ದಂಡವಾಯಿತು’ ಎಂದು ಅಪ್ಪ, ‘ಓದುವ ಹೊತ್ತೂ ದಂಡವಾಯಿತು’ ಎಂದು ಅವ್ವ ಗೊಣಗುವುದೂ ತಪ್ಪುವುದಿಲ್ಲ.

ತಪ್ಪು ಮಗುವಿನದಲ್ಲ, ರೈಲಿನದೂ ಅಲ್ಲ. ಕೊಂಡಿದ್ದು ಆಟಿಕೆಯನ್ನು, ಮಗುವಿನ ಮನಸ್ಸು ಬಯಸಿದ್ದು ಘಟಪ್ರಭಾದಲ್ಲಿ ಕಂಡ ರೈಲನ್ನು. ಇವೆರಡರ ನಡುವಿನ ವ್ಯತ್ಯಾಸ ಗೊತ್ತಾದರೆ ಪುಟ್ಟ ರೈಲಿನ ಹವ್ಯಾಸ ಇಡೀ ಬಾಲ್ಯ ಜೊತೆಗಿರುತ್ತದೆ. ಎಷ್ಟೋ ಜನರಿಗೆ ಮುಪ್ಪಿನವರೆಗೂ ಜೊತೆಗಿದೆ.

ಮರದ ಮಾವಿಗೆ ಬೇಡದ ಲೆಕ್ಕ

ಗೋಕಾಕ ಕರದಂಟಿಗೆ ಎಷ್ಟು ಪ್ರಸಿದ್ಧವೋ ಮರದ ಗೊಂಬೆಗಳಿಗೂ ಅಷ್ಟೇ ಪ್ರಸಿದ್ಧ. ಅಲ್ಲಿನ ಕುಶಲಕರ್ಮಿಗಳು ಹಗುರಾದ ಮರದಲ್ಲಿ ದೇವರ ಮೂರ್ತಿಗಳನ್ನು, ಹಣ್ಣು, ಕಾಯಿಪಲ್ಲೆಗಳನ್ನು ಮಾಡಿ ಬಣ್ಣ ಕೊಡುತ್ತ ಬಂದಿದ್ದಾರೆ. ಮಾವಿನಹಣ್ಣನ್ನು ಮಾವಿನ ಗಾತ್ರದಲ್ಲಿಯೇ ಮಾಡಬಹುದು. ಪಕ್ಕದಲ್ಲಿ ನಿಜವಾದ ಹಣ್ಣನ್ನು ಇಟ್ಟುಕೊಂಡು ಕಣ್ಣಳತೆಯಲ್ಲಿ ಉಳಿ ಆಡಿಸಿದರಾಯಿತು.

ರೈಲನ್ನು ಅದರ ಗಾತ್ರದಲ್ಲಿ ಮಾಡಿ ಮನೆಯಲ್ಲಿ ಇಡಲಾಗದು. ಚಿಕ್ಕದು ಮಾಡಬೇಕು. ಉದ್ದವನ್ನು ಎಷ್ಟು ಪಾಲು ಕುಗ್ಗಿಸುತ್ತೇವೆಯೋ ಅಗಲ, ಎತ್ತರ, ಚಕ್ರದ ವ್ಯಾಸ, ಕಿಟಕಿಯ ಚೌಕಟ್ಟು ಎಲ್ಲವನ್ನೂ ಅಷ್ಟೇ ಪಾಲು ಕುಗ್ಗಿಸಿದರೆ ಅದು ‘ಮಾದರಿ’. ಕುಗ್ಗಿಸುವಾಗ ಒಂದಕ್ಕೊಂದು ತಾಳೆ ತಪ್ಪಿದರೆ ಅದು ‘ಆಟಿಕೆ’. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಚರಕಿಗೆ ಕೊಟ್ಟು, ಅರಗಿನ ಬಣ್ಣ ಹಚ್ಚಿ ಮಾಡುವ ಗುಂಡುಗುಂಡಾದ ರೈಲು ಬಲು ಚೆಂದ. ಎರಡು, ಮೂರು ವರ್ಷದ ಕೂಸಿಗೆ ಅದೇ ಸರಿ. ಆದರೆ ಅದರಲ್ಲಿ ಅಳತೆಯನ್ನು ಹುಡುಕಬಾರದು.

ಉತ್ತರ ಕರ್ನಾಟಕದ ಮಕ್ಕಳಿಗೆ ಮಾದರಿ ಮಾಡುವ ಕೆಲಸ ಹೊಸದೇನೂ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡುವವರು ಅವರು. ಜೋಳದ ದಂಟನ್ನು ಸೀಳಿ, ಸಿಬಿರನ್ನು ಕೀಲು ಮಾಡಿ, ಬೆಂಡನ್ನು ಚುಚ್ಚಿ ಚಕ್ಕಡಿ ಕಟ್ಟುವವರೂ ಅವರೇ. ಆ ಚಕ್ಕಡಿಯ ಗಾಲಿ ದೊಡ್ಡದಾಗಿ ನೊಗ ಸಣ್ಣದಾದರೆ ಮನೆಯ ಹಿರಿಯರು ನಗುತ್ತಾರೆ. ಆ ನಗುವಿನಲ್ಲಿರುವುದೇ ಅನುಪಾತದ ಮೊದಲ ಪಾಠ. ಅದಕ್ಕೆ ಒಂದು ಪಟ್ಟಿ, ಒಂದು ಪೆನ್ಸಿಲು ಸೇರಿದರೆ ಮಾದರಿ ರೈಲು ಹುಟ್ಟುತ್ತದೆ.

ತಗಡಿನ ಪಾತ್ರೆಯಿಂದ ಹಳಿಯವರೆಗೆ

ಜರ್ಮನಿಯ ಮಾರ್ಕ್ಲಿನ್ ಎಂಬ ಸಂಸ್ಥೆ 1859ರಲ್ಲಿ ಆರಂಭವಾದಾಗ ರೈಲು ಮಾಡುತ್ತಿರಲಿಲ್ಲ. ಗೊಂಬೆಮನೆಯ ತಗಡಿನ ಅಡುಗೆ ಸಾಮಾನು ಮಾಡುತ್ತಿತ್ತು. ನಮ್ಮ ಹೆಣ್ಣುಮಕ್ಕಳು ಅಡುಗೆ ಆಟಕ್ಕೆ ಇಟ್ಟುಕೊಳ್ಳುವ ಪುಟ್ಟ ಪಾತ್ರೆಗಳಂಥವು. ಒಮ್ಮೆ ಒಂದು ಸೆಟ್ಟು ಕೊಂಡವರು ಆಮೇಲೆ ಬಿಡಿ ಪಾತ್ರೆಗಳನ್ನು ಸೇರಿಸುತ್ತ ಹೋಗುತ್ತಾರೆ ಎಂಬುದನ್ನು ಆ ಸಂಸ್ಥೆ ಕಂಡುಕೊಂಡಿತ್ತು. 1891ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದೇ ಸೂತ್ರವನ್ನು ರೈಲಿಗೆ ಹೊಂದಿಸಿತು. ಗೊತ್ತಾದ ಅಳತೆಯ ಹಳಿ, ಅದಕ್ಕೆ ಒಗ್ಗುವ ಗಾಡಿ. ಇಂದು ಒಂದು ತುಂಡು, ಬರುವ ಹುಟ್ಟುಹಬ್ಬಕ್ಕೆ ಇನ್ನೊಂದು ತುಂಡು. ಸಂಗ್ರಹವೆಂಬ ಹವ್ಯಾಸದ ಬೇರು ಇಲ್ಲಿದೆ.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಫ್ರಾಂಕ್ ಹಾರ್ನ್‌ಬಿ ಎಂಬಾತ ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪುಮೊಳೆಯಿಂದ ಜೋಡಿಸುವ ಆಟಕ್ಕೆ 1901ರಲ್ಲಿ ಪೇಟೆಂಟ್ ಪಡೆದ. ನಮ್ಮಲ್ಲಿ ಹಿಂದಿನ ತಲೆಮಾರಿನವರಿಗೆ ಪರಿಚಿತವಾದ ‘ಮೆಕ್ಯಾನೊ’ ಅದೇ. ಅವನ ಸಂಸ್ಥೆ 1920ರಲ್ಲಿ ಕೀಲಿ ಕೊಟ್ಟರೆ ಓಡುವ ರೈಲನ್ನೂ, 1938ರಲ್ಲಿ ಊಟದ ಮೇಜಿನ ಮೇಲೆ ಹಿಡಿಸುವಷ್ಟು ಚಿಕ್ಕ ವಿದ್ಯುತ್ ರೈಲನ್ನೂ ಮಾರುಕಟ್ಟೆಗೆ ತಂದಿತು. ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಇಬ್ಬರು ಅವಳಿ ಸಹೋದರರು 2001ರಲ್ಲಿ ತೆರೆದ ಪುಟ್ಟ ರೈಲುಗಳ ಪ್ರದರ್ಶನಕ್ಕೆ ಲೋಕದ ಮೂಲೆಮೂಲೆಯಿಂದ ಜನ ಬರುತ್ತಾರೆ.

ಅಷ್ಟು ದೂರ ಹೋಗಬೇಕಿಲ್ಲ. ಘಟಪ್ರಭಾದಿಂದ ಮೀರಜ ದಾಟಿ ಅದೇ ಹಳಿ ಪುಣೆಗೆ ಹೋಗುತ್ತದೆ. ಪುಣೆಯ ಕೋಥರೂಡ ಭಾಗದಲ್ಲಿ ಬಿ. ಎಸ್. ಜೋಶಿ ಎಂಬ ಹವ್ಯಾಸಿ ತಮ್ಮ ಸಂಗ್ರಹವನ್ನು ಬೆಳೆಸಿ 1998ರಲ್ಲಿ ಪುಟ್ಟ ರೈಲುಗಳ ವಸ್ತುಸಂಗ್ರಹಾಲಯವನ್ನೇ ತೆರೆದರು. ಅಲ್ಲಿ ಸಿಗ್ನಲ್ಲು, ಸೇತುವೆ, ಊರು, ದೀಪಗಳ ನಡುವೆ ರೈಲುಗಳು ಓಡುತ್ತವೆ. ನಿಜವಾದ ಎಂಜಿನುಗಳನ್ನು ಹತ್ತಿರದಿಂದ ನೋಡಲು ಹುಬ್ಬಳ್ಳಿಯಲ್ಲಿ 2020ರಲ್ಲಿ ಆರಂಭವಾದ ರೈಲ್ವೆ ವಸ್ತುಸಂಗ್ರಹಾಲಯವಿದೆ. ಮೈಸೂರಿನದು 1979ರಷ್ಟು ಹಳೆಯದು. ಶಾಲೆಯ ಪ್ರವಾಸದ ಪಟ್ಟಿಗೆ ಇವನ್ನು ಸೇರಿಸಲು ಅಡ್ಡಿಯಿಲ್ಲ.

ಎಂಟು ಮಿಲಿಮೀಟರಿನ ಕಥೆ

ಮಾದರಿ ರೈಲಿನ ಪೆಟ್ಟಿಗೆಯ ಮೇಲೆ ‘1:87’ ಎಂದೋ ‘1:160’ ಎಂದೋ ಬರೆದಿರುತ್ತದೆ. ಮೊದಲನೆಯದಕ್ಕೆ ‘ಎಚ್‌ಒ’ ಎಂದೂ ಎರಡನೆಯದಕ್ಕೆ ‘ಎನ್’ ಎಂದೂ ಹೆಸರು. 1:87 ಎಂದರೆ ನಿಜವಾದ ರೈಲಿನ 87 ಸೆಂಟಿಮೀಟರು ಮಾದರಿಯಲ್ಲಿ 1 ಸೆಂಟಿಮೀಟರು.

ಲೆಕ್ಕ ಹಾಕಿ ನೋಡೋಣ. ಯುರೋಪಿನ ಬಹುಪಾಲು ರೈಲುಮಾರ್ಗಗಳಲ್ಲಿ ಎರಡು ಹಳಿಗಳ ನಡುವಿನ ಅಂತರ 1435 ಮಿಲಿಮೀಟರು. ಅದನ್ನು 87ರಿಂದ ಭಾಗಿಸಿದರೆ 16.5 ಮಿಲಿಮೀಟರು. ಎಚ್‌ಒ ಹಳಿಯ ಅಗಲ ಇಷ್ಟೇ. ನಮ್ಮ ಬ್ರಾಡ್‌ಗೇಜಿನ ಅಂತರ 1676 ಮಿಲಿಮೀಟರು. 87ರಿಂದ ಭಾಗಿಸಿದರೆ 19.3. ಮೀಟರ್‌ಗೇಜಿನದು 1000, ಭಾಗಿಸಿದರೆ 11.5. ಅಂದರೆ ಮಾದರಿಯಲ್ಲಿ ನಮ್ಮ ಬ್ರಾಡ್‌ಗೇಜಿಗೂ ಮೀಟರ್‌ಗೇಜಿಗೂ ಇರುವ ವ್ಯತ್ಯಾಸ ಎಂಟು ಮಿಲಿಮೀಟರಿಗಿಂತ ಕೊಂಚ ಕಡಿಮೆ. ಪೆನ್ಸಿಲಿನ ದಪ್ಪದಷ್ಟು.

ಪೆನ್ಸಿಲಿನ ದಪ್ಪದಷ್ಟೇ ಆದ ಈ ಅಂತರ ಬೆಳಗಾವಿ ಜಿಲ್ಲೆಯ ಜನರನ್ನು ಕಾಡಿದ್ದು ಸ್ವಲ್ಪವಲ್ಲ. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆ ಕಂಪನಿ ಲೋಂಡಾದಿಂದ ಬೆಳಗಾವಿ, ಗೋಕಾಕ ರೋಡ್, ಘಟಪ್ರಭಾ ಮಾರ್ಗವಾಗಿ ಮೀರಜಕ್ಕೆ ಹಾಕಿದ ಹಳಿ ಮೀಟರ್‌ಗೇಜಿನದು. ಮುಂದೆ ಪುಣೆಯ ಕಡೆಯಿಂದ ಮೀರಜದವರೆಗೆ ಬ್ರಾಡ್‌ಗೇಜು ಬಂದಾಗ ಮೀರಜ ಎರಡು ಲೋಕಗಳ ಗಡಿಯಾಯಿತು. ಘಟಪ್ರಭಾದಲ್ಲಿ ಹತ್ತಿದವರು ಮುಂಬಯಿಗೆ ಹೋಗಬೇಕಾದರೆ ಮೀರಜದಲ್ಲಿ ಗಂಟುಮೂಟೆ, ಟ್ರಂಕುಗಳೊಂದಿಗೆ ಇಳಿದು ಬೇರೆ ಗಾಡಿ ಹತ್ತಬೇಕಿತ್ತು. ಸರಕನ್ನು ಒಂದು ವ್ಯಾಗನ್ನಿನಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕಿತ್ತು. 1990ರ ದಶಕದಲ್ಲಿ ಈ ಮಾರ್ಗವೂ ಬ್ರಾಡ್‌ಗೇಜಾಯಿತು. ನೂರು ವರ್ಷ ಓಡಿದ ಮೀಟರ್‌ಗೇಜಿನ ಗಾಡಿಗಳು ಜಿಲ್ಲೆಯಿಂದ ಮಾಯವಾದವು.

ಮಾದರಿ ರೈಲಿನ ಬೆಲೆ ಅರಿವಾಗುವುದು ಇಂಥಲ್ಲಿ. ಇಂದು ಘಟಪ್ರಭಾದಲ್ಲಿ ನಿಂತು ಎಷ್ಟೇ ಕಾದರೂ ಅಜ್ಜ ಕುಳಿತು ಹೋದ ಆ ಸಣ್ಣ ಹಳಿಯ ಗಾಡಿ ಬರುವುದಿಲ್ಲ. ಅದನ್ನು ಅಂಗಡಿಯಿಂದ ತರುವುದೂ ಸುಲಭವಲ್ಲ. ಆದರೆ ಅಳತೆ ಗೊತ್ತಿದ್ದರೆ ಮನೆಯಲ್ಲಿ ಕಟ್ಟಬಹುದು. ಹಳಿಯ ಚಿಂತೆಯೂ ಬೇಡ. ಸ್ವಿಟ್ಜರ್ಲೆಂಡಿನ ಬೆಟ್ಟಗಳಲ್ಲಿ ಇಂದಿಗೂ ಮೀಟರ್‌ಗೇಜು ಓಡುತ್ತದೆ. ಅದರ ಮಾದರಿಗೆಂದೇ 12 ಮಿಲಿಮೀಟರು ಅಗಲದ ಹಳಿ ತಯಾರಾಗುತ್ತದೆ. ಬೆಳಗಾವಿಯ ಹಳೆಯ ಗಾಡಿ ಅರ್ಧ ಮಿಲಿಮೀಟರಿನ ತಪ್ಪಿನೊಂದಿಗೆ ಆ ಹಳಿಯ ಮೇಲೆ ಕೂರುತ್ತದೆ.

ಅಳತೆಯಲ್ಲಿ ರಾಜಿ ಮಾಡಿಕೊಂಡವರು ನಾವು ಮಾತ್ರವಲ್ಲ. ಬ್ರಿಟನ್ನಿನ ಎಂಜಿನುಗಳು ಗಾತ್ರದಲ್ಲಿ ಸಣ್ಣವು. ಅವನ್ನು 1:87ಕ್ಕೆ ಕುಗ್ಗಿಸಿದಾಗ ಅಂದಿನ ಮೋಟಾರು ಒಳಗೆ ಹಿಡಿಸಲಿಲ್ಲ. ಆದ್ದರಿಂದ ಅಲ್ಲಿಯ ತಯಾರಕರು ಎಂಜಿನನ್ನು 1:76ಕ್ಕೆ ಮಾಡಿ, ಹಳಿಯನ್ನು ಮಾತ್ರ 16.5 ಮಿಲಿಮೀಟರಿಗೇ ಬಿಟ್ಟರು. ‘ಡಬಲ್ ಓ’ ಎಂಬ ಆ ಪದ್ಧತಿ ಇಂದಿಗೂ ಬ್ರಿಟನ್ನಿನಲ್ಲಿ ನಡೆದಿದೆ. ವಿದ್ಯಾರ್ಥಿಗಳಿಗೊಂದು ಪ್ರಶ್ನೆ: ನಮ್ಮ ಬ್ರಾಡ್‌ಗೇಜಿನ ಗಾಡಿ 16.5 ಮಿಲಿಮೀಟರಿನ ಹಳಿಯ ಮೇಲೆ ತಪ್ಪಿಲ್ಲದೆ ಕೂರಬೇಕಾದರೆ ಅದನ್ನು ಎಷ್ಟರಲ್ಲಿ ಒಂದು ಪಾಲಿಗೆ ಕುಗ್ಗಿಸಬೇಕು? 1676ನ್ನು 16.5ರಿಂದ ಭಾಗಿಸಿ. ಉತ್ತರ ಸುಮಾರು 102.

ತೂಕ, ಉದ್ದ, ತಿರುವು

ಉದ್ದವನ್ನು 87 ಪಾಲು ಕುಗ್ಗಿಸಿದರೆ ತೂಕವೂ 87 ಪಾಲು ಕುಗ್ಗುತ್ತದೆಯೆ? ಹಲವು ಮಕ್ಕಳು ಹೌದೆಂದೇ ಹೇಳುತ್ತಾರೆ. ತೂಕ ಅವಲಂಬಿಸಿರುವುದು ಘನಫಲವನ್ನು. ಉದ್ದ, ಅಗಲ, ಎತ್ತರ ಮೂರೂ 87 ಪಾಲು ಕುಗ್ಗುವುದರಿಂದ ತೂಕ 87 × 87 × 87, ಅಂದರೆ 6,58,503 ಪಾಲು ಕುಗ್ಗುತ್ತದೆ. ನಮ್ಮ ದೇಶದ ಬ್ರಾಡ್‌ಗೇಜಿನಲ್ಲಿ ದಶಕಗಳ ಕಾಲ ದುಡಿದ ‘ಡಬ್ಲ್ಯುಡಿಎಂ-2’ ಡೀಸೆಲ್ ಎಂಜಿನಿನ ತೂಕ 112.8 ಟನ್. ಅದೇ ಲೋಹಗಳಿಂದ ಅಷ್ಟೇ ಕರಾರುವಾಕ್ಕಾಗಿ 1:87ರ ಮಾದರಿ ಮಾಡಿದರೆ ತೂಗುವುದು ಸುಮಾರು 171 ಗ್ರಾಂ. ಒಂದು ದೊಡ್ಡ ಪೇರಲಹಣ್ಣಿನಷ್ಟು! ಮಾದರಿ ಎಂಜಿನಿನಲ್ಲಿ ಹೆಚ್ಚುವರಿ ಲೋಹದ ತುಂಡು ಇಟ್ಟಿರುವುದನ್ನು ಕಾಣಬಹುದು. ತೂಕ ಸಾಲದಿದ್ದರೆ ಚಕ್ರ ಹಳಿಯನ್ನು ಕಚ್ಚುವುದಿಲ್ಲ, ನಿಂತಲ್ಲೇ ಜಾರಿ ತಿರುಗುತ್ತದೆ.

ಈಗ ಉದ್ದ. ಪೆರಂಬೂರಿನ ಕಾರ್ಖಾನೆಯಿಂದ ಬಂದ ಹಳೆಯ ಬಗೆಯ ನೀಲಿ ಬೋಗಿಯ ಉದ್ದ ಸುಮಾರು 21.3 ಮೀಟರು, ಅಗಲ 3.25 ಮೀಟರು. ಮಾದರಿಯಲ್ಲಿ ಇದು 24.5 ಸೆಂಟಿಮೀಟರು ಉದ್ದ, 3.7 ಸೆಂಟಿಮೀಟರು ಅಗಲ. ಕೈಗೆ ಹಿಡಿಯುವಷ್ಟೇ. ಇಂಥ 24 ಬೋಗಿಗಳನ್ನು ಸಾಲಾಗಿ ಜೋಡಿಸಿದರೆ ಮಾದರಿಯಲ್ಲೂ ಆರು ಮೀಟರಾಗುತ್ತದೆ. ಶಾಲೆಯ ಕೋಣೆಯ ಒಂದು ಗೋಡೆಯಿಂದ ಇನ್ನೊಂದು ಗೋಡೆಯವರೆಗೆ! ನಿಜವಾದ ಒಂದು ಕಿಲೋಮೀಟರು ಮಾದರಿಯಲ್ಲಿ ಹನ್ನೊಂದೂವರೆ ಮೀಟರು. ಗಂಟೆಗೆ 100 ಕಿಲೋಮೀಟರು ವೇಗದ ಗಾಡಿ ಮಾದರಿಯಲ್ಲಿ ಸೆಕೆಂಡಿಗೆ 32 ಸೆಂಟಿಮೀಟರು ಓಡಿದರೆ ಸಾಕು. ಮಕ್ಕಳು ಸಾಮಾನ್ಯವಾಗಿ ಇದರ ಮೂರು ಪಟ್ಟು ಓಡಿಸುತ್ತಾರೆ. ತಿರುವಿನಲ್ಲಿ ಗಾಡಿ ಹಳಿ ತಪ್ಪಿ ಕೆಳಗೆ ಬೀಳುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಕಾರಣ ತಿರುವಿನಲ್ಲೇ ಇದೆ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರನ್ನು ಮೂಡಲಗಿಯ ಹುಡುಗರು ದಿನವೂ ನೋಡುತ್ತಾರೆ. ರಸ್ತೆಯ ಮೂಲೆಯಲ್ಲಿ ಹಿಂದಿನ ಟ್ರೇಲರ್ ಟ್ರ್ಯಾಕ್ಟರಿನ ಜಾಡು ಬಿಟ್ಟು ಒಳಗೆ ಸರಿಯುತ್ತದೆ. ತಿರುವು ಕಡಿದಾದಷ್ಟೂ, ಟ್ರೇಲರ್ ಉದ್ದವಾದಷ್ಟೂ ಹೆಚ್ಚು ಸರಿಯುತ್ತದೆ. ಬೋಗಿಯ ಚಕ್ರಗಳು ಹಳಿಯನ್ನು ಬಿಡಲಾರವು. ಆದರೆ ಅದರ ನಡುಭಾಗ ಹಾಗೆಯೇ ಒಳಕ್ಕೆ ಚಾಚುತ್ತದೆ. ನಮ್ಮ ಬ್ರಾಡ್‌ಗೇಜಿನಲ್ಲಿ ಅನುಮತಿ ಇರುವ ಅತಿ ಕಡಿದಾದ ತಿರುವಿನ ತ್ರಿಜ್ಯ 175 ಮೀಟರು. ಮಾದರಿಯಲ್ಲಿ ಅದು ಎರಡು ಮೀಟರು. ಪೆಟ್ಟಿಗೆಯಲ್ಲಿ ಸಿಗುವ ತಿರುವು ಹಳಿಗಳ ತ್ರಿಜ್ಯ ಅರ್ಧ ಮೀಟರೂ ಇರುವುದಿಲ್ಲ. ಉದ್ದದ ಬೋಗಿ ಅಲ್ಲಿ ತಡವರಿಸುವುದು ಸಹಜ. ಜಾಗ ಕಡಿಮೆಯಿದ್ದವರು ಗಿಡ್ಡ ಬೋಗಿಯ ಪ್ಯಾಸೆಂಜರ್ ಗಾಡಿಯನ್ನೋ ಗೂಡ್ಸ್ ಗಾಡಿಯನ್ನೋ ಆರಿಸಿಕೊಳ್ಳುವುದು ಜಾಣತನ.

ಎರಡು ಹಳಿ, ಒಂದು ಮಂಡಲ

ಮಾದರಿ ಎಂಜಿನಿಗೆ ವಿದ್ಯುತ್ತು ಬರುವುದು ಹಳಿಗಳಿಂದಲೇ. ಒಂದು ಹಳಿ ಧನ, ಇನ್ನೊಂದು ಋಣ. ಎಡ, ಬಲದ ಚಕ್ರಗಳ ನಡುವೆ ಅವಾಹಕ ಇರುತ್ತದೆ. ಒಂದು ಹಳಿಯಿಂದ ಚಕ್ರದ ಮೂಲಕ ಏರಿದ ವಿದ್ಯುತ್ತು ಮೋಟಾರನ್ನು ತಿರುಗಿಸಿ ಇನ್ನೊಂದು ಚಕ್ರದಿಂದ ಎರಡನೆಯ ಹಳಿಗೆ ಇಳಿಯುತ್ತದೆ. ಸಾಮಾನ್ಯವಾಗಿ ಬಳಸುವುದು 12 ವೋಲ್ಟಿನ ನೇರ ವಿದ್ಯುತ್ತು. ವೋಲ್ಟೇಜ್ ತಗ್ಗಿಸಿದರೆ ಗಾಡಿ ನಿಧಾನ. ಧನ, ಋಣಗಳನ್ನು ಅದಲುಬದಲು ಮಾಡಿದರೆ ಗಾಡಿ ಹಿಂದಕ್ಕೆ. ಪಾಠಪುಸ್ತಕದಲ್ಲಿ ಎರಡು ಪುಟ ಓದಿದರೂ ತಲೆಗೆ ಹತ್ತದ ವಿದ್ಯುನ್ಮಂಡಲ ಇಲ್ಲಿ ಎರಡು ನಿಮಿಷದಲ್ಲಿ ಕಣ್ಣಿಗೆ ಕಾಣುತ್ತದೆ.

ಒಂದು ಪ್ರಯೋಗವನ್ನು ಕಾಗದದ ಮೇಲೆ ಮಾಡಿ. ಎರಡು ಗೆರೆಗಳ ಹಳಿ ಬರೆದು, ಅದನ್ನು ದೊಡ್ಡದಾಗಿ ಸುತ್ತಿಸಿ ತಂದು ಅದೇ ಹಳಿಗೆ ಕೂಡಿಸಿ. ಬಂದ ಗಾಡಿ ತಿರುಗಿ ಬಂದ ದಾರಿಯಲ್ಲೇ ಹೋಗುವ ಸುತ್ತು ಅದು. ಈಗ ಎಡ ಹಳಿಯ ಮೇಲೆ ಬೆರಳಿಟ್ಟು ಸಾಗಿ. ಬೆರಳು ಬಲ ಹಳಿಗೆ ಬಂದು ಮುಟ್ಟುತ್ತದೆ! ಧನ ಹೋಗಿ ಋಣಕ್ಕೆ ಕೂಡಿತು. ಶಾರ್ಟ್ ಸರ್ಕ್ಯೂಟ್ ಆಯಿತು. ಇದನ್ನು ತಪ್ಪಿಸಲು ಸುತ್ತಿನ ಎರಡೂ ತುದಿಗಳಲ್ಲಿ ಹಳಿಗೆ ಅವಾಹಕದ ಕೂಡಿಕೆ ಕೊಟ್ಟು, ಆ ಭಾಗಕ್ಕೆ ಬೇರೆ ಸ್ವಿಚ್ಚು ಇಡಬೇಕು. ಹೀಗೆ ಹಳಿಯನ್ನು ಭಾಗಗಳಾಗಿ ವಿಂಗಡಿಸಿ ಒಂದೊಂದಕ್ಕೂ ಸ್ವಿಚ್ಚು ಇಟ್ಟರೆ ಒಂದೇ ಮೇಜಿನ ಮೇಲೆ ಎರಡು ಗಾಡಿ ಓಡಿಸಬಹುದು. ಒಂದು ಭಾಗದಲ್ಲಿ ಗಾಡಿ ಇರುವವರೆಗೆ ಇನ್ನೊಂದನ್ನು ಒಳಗೆ ಬಿಡಬಾರದು. ನಿಜವಾದ ರೈಲ್ವೆಯ ‘ಬ್ಲಾಕ್’ ಪದ್ಧತಿಯ ತಿರುಳೂ ಇದೇ. ಪ್ರಯಾಣಿಕರ ಜೀವ ಕಾಯುವ ಆ ನಿಯಮವನ್ನು ಮಗು ಆಟವಾಡುತ್ತಲೇ ಕಲಿಯುತ್ತದೆ.

ಇದರಿಂದೇನು ಲಾಭ ಎನ್ನುವ ಪಾಲಕರಿಗೆ ಒಂದು ನಿದರ್ಶನ. ಅಮೆರಿಕದ ಎಂಐಟಿ ವಿದ್ಯಾರ್ಥಿಗಳು 1946ರಲ್ಲಿ ಮಾದರಿ ರೈಲಿನ ಸಂಘ ಕಟ್ಟಿಕೊಂಡರು. ದೂರವಾಣಿ ವಿನಿಮಯ ಕೇಂದ್ರಗಳ ರಿಲೇಗಳನ್ನು ತಂದು ಮೇಜಿನ ಕೆಳಗೆ ಜೋಡಿಸಿ ಗಾಡಿಗಳನ್ನು ನಿಯಂತ್ರಿಸತೊಡಗಿದರು. ಮೇಜಿನ ಕೆಳಗೆ ತಂತಿ ಜೋಡಿಸುತ್ತಿದ್ದ ಹುಡುಗರೇ ಮುಂದೆ ಅಲ್ಲಿಯ ಕಂಪ್ಯೂಟರಿನ ಕೋಣೆಗೆ ನುಗ್ಗಿದರು. ಆ ಬಳಗದ ಸ್ಟೀವ್ ರಸೆಲ್ ಮತ್ತು ಗೆಳೆಯರು 1962ರಲ್ಲಿ ರೂಪಿಸಿದ ‘ಸ್ಪೇಸ್‌ವಾರ್’ ಜಗತ್ತಿನ ಮೊದಮೊದಲ ಕಂಪ್ಯೂಟರ್ ಆಟಗಳಲ್ಲೊಂದು. ಇಂದು ಎಲ್ಲರ ಬಾಯಲ್ಲಿರುವ ‘ಹ್ಯಾಕರ್’ ಎಂಬ ಮಾತು ಚಲಾವಣೆಗೆ ಬಂದಿದ್ದೂ ಆ ಸಂಘದ ಹುಡುಗರಿಂದಲೇ. ಆಗ ಅದಕ್ಕೆ ಕಳ್ಳತನದ ಅರ್ಥವಿರಲಿಲ್ಲ. ಜಾಣ ಕೈಕೆಲಸ ಎಂಬ ಅರ್ಥವಿತ್ತು.

ಅಂಗಡಿಯಲ್ಲಿ ನಿಂತಾಗ

ವಿದೇಶಿ ಮಾದರಿ ರೈಲುಗಳು ಅಗ್ಗವಲ್ಲ. ಆಮದಾಗುವ ಆಟಿಕೆಗಳ ಮೇಲಿನ ಮೂಲ ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇಕಡಾ 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿಸಿತು. ಹೊರದೇಶದ ಬೆಲೆಪಟ್ಟಿ ನೋಡಿ ರೂಪಾಯಿ ಲೆಕ್ಕ ಹಾಕಿದವರು ಮನೆಗೆ ಬಂದ ಮೇಲೆ ದುಪ್ಪಟ್ಟು ತೆತ್ತ ಹಾಗೆ ಆಗಬಾರದು. ಸುಂಕ, ಸಾಗಣೆ ಎಲ್ಲ ಸೇರಿದ ಬೆಲೆಯನ್ನು ಮೊದಲೇ ವಿಚಾರಿಸಬೇಕು.

2021ರ ಜನವರಿ 1ರಿಂದ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕರಕುಶಲಕರ್ಮಿಗಳು ಮಾಡಿ ಮಾರುವ ಗೊಂಬೆಗಳಿಗೆ ಇದರಿಂದ ವಿನಾಯಿತಿ ಉಂಟು. ಪೆಟ್ಟಿಗೆಯ ಮೇಲೆ ಬರೆದ ವಯಸ್ಸನ್ನೂ ಗಮನಿಸಬೇಕು. ಸಣ್ಣ ಚಕ್ರ, ಕೊಕ್ಕೆ, ಗುಂಡಿಯಾಕಾರದ ಸೆಲ್ಲು ಇವು ಕೂಸಿನ ಗಂಟಲಿಗೆ ಅಪಾಯ.

ಅಮೆರಿಕದಲ್ಲಿರುವ ಮಾವನೋ ಕಾಕಾನೋ ರಜೆಗೆ ಬರುವಾಗ ರೈಲು ತಂದರೆ ಇನ್ನೊಂದು ಎಚ್ಚರ. ಅಲ್ಲಿಯ ಮನೆಗಳ ವಿದ್ಯುತ್ತು 120 ವೋಲ್ಟ್; ನಮ್ಮದು 230. ಅಲ್ಲಿಯ ಅಡಾಪ್ಟರನ್ನು ಓದದೆ ಇಲ್ಲಿಯ ಗೋಡೆಗೆ ಚುಚ್ಚಿದರೆ ಸುಟ್ಟುಹೋಗುವುದು ನಿಶ್ಚಿತ. ಅಡಾಪ್ಟರಿನ ಮೇಲೆ ‘100–240’ ಎಂದಿದ್ದರೆ ಭಯವಿಲ್ಲ. ಬೋಗಿಗಳ ಕೊಕ್ಕೆಗಳೂ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಬೋಗಿ ಬ್ರಿಟನ್ನಿನ ಎಂಜಿನಿಗೆ ಸಿಕ್ಕಿಕೊಳ್ಳುವುದಿಲ್ಲ. ಅಳತೆ, ಕೊಕ್ಕೆ, ನಿಯಂತ್ರಕ ಮೂರೂ ಒಂದೇ ಪದ್ಧತಿಯವು ಎಂದು ಖಾತ್ರಿಯಾಗದೆ ಎರಡನೆಯ ಗಾಡಿ ಕೊಳ್ಳಬಾರದು.

ಹಳೆಯ ಮಾಲು ಕೊಳ್ಳುವವರಿಗೆ ರಸಾಯನಶಾಸ್ತ್ರದ ಪಾಠವೊಂದಿದೆ. 1930ರ ದಶಕದ ಕೆಲವು ಎಂಜಿನುಗಳ ಭಾಗಗಳನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದಿದ್ದರು. ಅದರಲ್ಲಿ ಸೀಸದಂಥ ಕಲಬೆರಕೆ ಅತಿ ಸಣ್ಣ ಪ್ರಮಾಣದಲ್ಲಿ ಸೇರಿದ್ದರೂ ಸಾಕು, ವರ್ಷಗಳು ಕಳೆದಂತೆ ಲೋಹ ಉಬ್ಬಿ, ಬಿರುಕುಬಿಟ್ಟು, ಬಿಸ್ಕತ್ತಿನಂತೆ ಪುಡಿಯಾಗುತ್ತದೆ. ಹೊರಗಿನ ಬಣ್ಣಕ್ಕೆ ಮರುಳಾಗಿ ಕೊಂಡವರು ಕೈಯಲ್ಲಿ ಪುಡಿ ಹಿಡಿದು ಕೂರಬೇಕಾಗುತ್ತದೆ. ಇದಕ್ಕೆ ರಿಪೇರಿ ಇಲ್ಲ.

ಮನೆಗೆ ತಂದ ಮೇಲೆ ದೊಡ್ಡ ಶತ್ರು ಧೂಳು. ಹಳಿ ಮಾಸಿದರೆ ವಿದ್ಯುತ್ತು ಹರಿಯದು, ಗಾಡಿ ತೊದಲುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ಸ್ಪಿರಿಟ್ ತಾಕಿಸಿದ ಬಟ್ಟೆಯಿಂದ ಹಿರಿಯರ ಎದುರಿನಲ್ಲಿ ಒರೆಸಬೇಕು. ಗೇರಿಗೆ ತಯಾರಕರು ಹೇಳಿದ ತೆಳು ಎಣ್ಣೆ ಸೂಜಿಯ ಮೊನೆಯಷ್ಟು ಸಾಕು. ಅಡುಗೆಮನೆಯ ಶೇಂಗಾ ಎಣ್ಣೆ, ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅವು ಕೆಲವೇ ತಿಂಗಳಲ್ಲಿ ಅಂಟಾಗಿ ಗೇರನ್ನು ಹಿಡಿದು ಕೂರುತ್ತವೆ.

ದುಡ್ಡು ಬೇಡದ ಸಂಗ್ರಹ

ಇಷ್ಟೆಲ್ಲ ಓದಿ ಕೈಯಲ್ಲಿ ಕಾಸಿಲ್ಲದ ವಿದ್ಯಾರ್ಥಿ ನಿರಾಶನಾಗಬೇಕಿಲ್ಲ. ಮೊದಲ ವರ್ಷ ಏನನ್ನೂ ಕೊಳ್ಳದಿರುವುದೇ ಒಳ್ಳೆಯದು. ಒಂದು ನೋಟುಪುಸ್ತಕ ಸಾಕು. ಎಂಜಿನಿನ ಮೇಲೆ ಬರೆದ ಅಕ್ಷರಗಳಿಂದಲೇ ಆರಂಭಿಸಬಹುದು. ‘ಡಬ್ಲ್ಯು’ ಎಂದರೆ ಬ್ರಾಡ್‌ಗೇಜು, ‘ವೈ’ ಎಂದರೆ ಮೀಟರ್‌ಗೇಜು, ‘ಜೆಡ್’ ಎಂದರೆ ನ್ಯಾರೋಗೇಜು. ಎರಡನೆಯ ಅಕ್ಷರ ‘ಡಿ’ ಆದರೆ ಡೀಸೆಲ್, ‘ಎ’ ಆದರೆ ಪರ್ಯಾಯ ವಿದ್ಯುತ್ತು. ಮೂರನೆಯದು ‘ಪಿ’ ಆದರೆ ಪ್ರಯಾಣಿಕರ ಗಾಡಿ, ‘ಜಿ’ ಆದರೆ ಸರಕು, ‘ಎಂ’ ಆದರೆ ಎರಡಕ್ಕೂ.

ಹಳೆಯ ಟ್ರಂಕುಗಳಲ್ಲಿ ದಪ್ಪ ರಟ್ಟಿನ ಪುಟ್ಟ ಟಿಕೆಟ್ಟುಗಳು ಇನ್ನೂ ಸಿಕ್ಕಾವು. ಗಣಕಯಂತ್ರದ ಟಿಕೆಟ್ಟು ಬಂದ ಮೇಲೆ ಅವು ಮರೆಯಾದವು. ಭಾರತೀಯ ರೈಲ್ವೆಯ ಶತಮಾನೋತ್ಸವಕ್ಕೆ 1953ರಲ್ಲಿ, ಎಂಜಿನುಗಳ ಚಿತ್ರಗಳೊಂದಿಗೆ 1976ರಲ್ಲಿ ಅಂಚೆಚೀಟಿಗಳು ಬಂದಿವೆ. ಇವೂ ರೈಲಿನ ಸಂಗ್ರಹವೇ.

ಅಳತೆಗಾಗಿ ಹಳಿಗೆ ಇಳಿಯುವುದು ಮಾತ್ರ ಸರ್ವಥಾ ಕೂಡದು. ಜೀವಕ್ಕೆ ಅಪಾಯ, 1989ರ ರೈಲ್ವೆ ಕಾಯಿದೆಯ ಪ್ರಕಾರ ಅಪರಾಧವೂ ಹೌದು. ಪ್ಲಾಟ್‌ಫಾರಂ ಟಿಕೆಟ್ಟು ತೆಗೆದುಕೊಂಡು ಹಿರಿಯರೊಡನೆ ನಿಂತು ನೋಡಿದರೆ ಸಾಕು. ಬೋಗಿಯ ಪಕ್ಕದ ನೇರ ಚಿತ್ರ ಸಿಕ್ಕರೆ ಉಳಿದದ್ದು ಲೆಕ್ಕ. 21.3 ಮೀಟರಿನ ಬೋಗಿ ಚಿತ್ರದಲ್ಲಿ 15 ಸೆಂಟಿಮೀಟರಿದ್ದರೆ ಚಿತ್ರದ ಒಂದು ಸೆಂಟಿಮೀಟರಿಗೆ ನಿಜದ 142 ಸೆಂಟಿಮೀಟರು. ಕಿಟಕಿ, ಬಾಗಿಲು, ಮೆಟ್ಟಿಲುಗಳ ಅಳತೆಯೆಲ್ಲ ಹೀಗೆ ಸಿಗುತ್ತದೆ. ಲಗ್ನಪತ್ರಿಕೆಯ ರಟ್ಟು, ಚಪ್ಪಲಿಯ ಡಬ್ಬಿ, ಜೋಳದ ದಂಟು, ಗೋಂದು ಇವಿಷ್ಟರಲ್ಲಿ ಬೋಗಿ ತಯಾರಾಗುತ್ತದೆ.

ಗೋಕಾಕದ ಮಕ್ಕಳಿಗೆ ದೃಶ್ಯವನ್ನೂ ಹುಡುಕಬೇಕಿಲ್ಲ. ಘಟಪ್ರಭಾ ನದಿ 52 ಮೀಟರು ಎತ್ತರದಿಂದ ಧುಮುಕುವ ಗೋಕಾಕ ಜಲಪಾತ 1:87ರಲ್ಲಿ 60 ಸೆಂಟಿಮೀಟರು. ಅಲ್ಲಿನ 201 ಮೀಟರಿನ ತೂಗುಸೇತುವೆ ಎರಡು ಮೀಟರು ಮೂವತ್ತೊಂದು ಸೆಂಟಿಮೀಟರು. ಜಾಗ ಸಾಲದಿದ್ದರೆ 1:160ರಲ್ಲಿ ಮಾಡಿ. ಜಲಪಾತ ಒಂದು ಗೇಣೂವರೆ, ಸೇತುವೆ ಒಂದೂಕಾಲು ಮೀಟರು. ಪಕ್ಕದಲ್ಲಿ ಹತ್ತಿಯ ಗಿರಣಿ, ಇತ್ತ ಪುಟ್ಟ ನಿಲ್ದಾಣ, ಅದರ ಮುಂದೆ ಎರಡು ಹಳಿ. ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿ ಜ್ವಾಲಾಮುಖಿಯ ಸಾಲಿನ ನಡುವೆ ಇದೊಂದಿದ್ದರೆ ನೋಡುವವರ ಕಣ್ಣಿಗೂ ಹಬ್ಬ.

ಅಜ್ಜನನ್ನು ಕರೆಯಿರಿ

ಮೀಟರ್‌ಗೇಜಿನ ಗಾಡಿಯನ್ನು ಮಾಡಹೊರಟ ಮಗು ಒಂದು ಹಂತದಲ್ಲಿ ತಡೆದು ನಿಲ್ಲುತ್ತದೆ. ಹಳಿಯ ಅಗಲ ಪುಸ್ತಕದಲ್ಲಿದೆ. ಆದರೆ ಒಳಗಿನ ಹಲಗೆಯ ಬಣ್ಣ ಯಾವುದಿತ್ತು? ಕಿಟಕಿಗೆ ಸರಳು ಅಡ್ಡ ಇದ್ದವೋ ಉದ್ದ ಇದ್ದವೋ? ಕಿಡಿ ಹಾರಿ ಅಂಗಿ ಸುಡುತ್ತಿತ್ತೇ? “ಅಜ್ಜಾ, ಆಗಿನ ಗಾಡ್ಯಾಗ ಕುಂತಾಗ ಹೆಂಗ ಅನಸ್ತಿತ್ತು?” ಎಂದು ಕೇಳಲು ಮನೆಯಲ್ಲಿ ಒಂದು ಜೀವವಿದೆ. ಅಷ್ಟು ದಿನ ಮೂಲೆಯ ಕಟ್ಟೆಗೆ ಕುಳಿತಿದ್ದ ಅಜ್ಜ ಕನ್ನಡಕ ಒರೆಸಿಕೊಂಡು ಮೇಜಿನ ಹತ್ತಿರ ಬರುತ್ತಾನೆ. ರಟ್ಟಿನ ಬೋಗಿಯನ್ನು ತಿರುಗಿಸಿ ನೋಡಿ, “ಬಾಗಲಾ ಇಲ್ಲಿರಲಿಲ್ಲೋ ತಮ್ಮಾ, ಈ ಕಡೆ ಇತ್ತು” ಎನ್ನುತ್ತಾನೆ. ಮೊಮ್ಮಗ ಬಾಗಿಲನ್ನು ಅಳಿಸಿ ಹೊಸದಾಗಿ ಗೆರೆ ಎಳೆಯುತ್ತಾನೆ.

ಆ ಬಾಗಿಲಿನ ಅಳತೆ ಯಾವ ಅಂಗಡಿಯ ಪೆಟ್ಟಿಗೆಯಲ್ಲೂ ಸಿಗುವುದಿಲ್ಲ. ಅದನ್ನು ಬಲ್ಲವರು ಕಡಿಮೆಯಾಗುತ್ತಿದ್ದಾರೆ. ದುಬಾರಿ ರೈಲನ್ನು ನಾಲ್ಕು ವರ್ಷ ತಡೆದು ಕೊಂಡರೂ ನಡೆದೀತು. ಅಜ್ಜನ ಹತ್ತಿರ ಈ ಅಳತೆ ಕೇಳಿ ಬರೆದಿಟ್ಟುಕೊಳ್ಳುವ ಕೆಲಸವನ್ನು ಮಾತ್ರ ಈ ರಜೆಯಲ್ಲಿಯೇ ಮುಗಿಸುವುದು ಒಳ್ಳೆಯದು.